ಕಿಡಿ ಕಂಡಲ್ಲಿ ನಮ್ಮ ಕಾಕಾ

ದಾದರಿನ ನಮ್ಮ ಚಾಳಿನಲ್ಲಿ ಎಲ್ಲಾದರೂ ಕಿಡಿ ಹಾರಿದರೆ ಜನ ನೀರು ತರಲು ಓಡುತ್ತಿದ್ದರು. ನಮ್ಮ ಕಾಕಾ ಮಾತ್ರ ಅದು ಆರಿಹೋಗುವುದರೊಳಗೆ ನೋಡಬೇಕೆಂದು ಓಡುತ್ತಿದ್ದರು! ಹುಚ್ಚರೆನ್ನಬೇಡಿ. ಕಿಡಿ ನೋಡುವುದಕ್ಕೇ ಅವರಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು.

ಧಾರವಾಡದಿಂದ ಬಂದು ಮುಂಬಯಿಯ ಒಂದು ಪ್ರಯೋಗಾಲಯ ಸೇರಿದ್ದ ಕಾಕಾ, ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ತು ಹಾಯಿಸಿ, ಅಲ್ಲಿ ಧಗಧಗಿಸುವ ಪ್ಲಾಸ್ಮಾದ, ಅಂದರೆ ಕಾದು ಉರಿಯುವ ಆವಿಯ, ಬಣ್ಣ ನೋಡುತ್ತಿದ್ದರು. ಆ ಕಾವಿಗೆ ಲೋಹದ ಪರಮಾಣು ಒಂದು ಎಲೆಕ್ಟ್ರಾನು ಕಳೆದುಕೊಂಡು ಅಯಾನು ಆಗುತ್ತದಂತೆ. ಉಳಿದ ಎಲೆಕ್ಟ್ರಾನುಗಳಾದರೂ ಸುಮ್ಮನಿರುತ್ತವೆಯೇ? ಒಂದು ದಿನ ಊಟಕ್ಕೆ ಕುಳಿತಾಗ ನನಗೆ ವಿವರಿಸಿದರು.

“ನಮ್ಮ ಚಾಳ ಇದ್ದಂಗ ತಿಳಿ. ಎಲೆಕ್ಟ್ರಾನು ಮ್ಯಾಲಿನ ಮಜಲಿಗೆ ಜಿಗೀತದ. ಅಲ್ಲೆ ಭಾಳೊತ್ತು ನಿಂದ್ರಂಗಿಲ್ಲ, ಕೆಳಗ ಬೀಳತದ. ಬೀಳೂಮುಂದ ಬೆಳಕು ಬಿಡತದ, ಒಂದೊಂದು ಲೋಹಕ್ಕ ಒಂದೊಂದು ಬಣ್ಣ!”

ಸಾರು ಬಡಿಸುತ್ತಿದ್ದ ಕಾಕು ಬಿಡುತ್ತಾರೆಯೇ? “ನಿನ್ನೆ ನೀವೂ ಪಾವಟಿಗಿ ಮ್ಯಾಲಿಂದ ಬಿದ್ರಲ್ಲಾ. ಬೆಳಕೇನೂ ಕಾಣ್ಲಿಲ್ರೀ. ಬರೇ ಟೊಂಕ ಬಾತಿತು!”

ಕಾಕುವಿನ ಬಾಯಿ ಜೋರು, ಆದರೆ ಒಳಗೆ ಒಂದೇ ಅಂಜಿಕೆ: ಈ ಮನುಷ್ಯ ಕಣ್ಣು ಕಳೆದುಕೊಳ್ಳುತ್ತಾರೆ. ಕಾಕಾ ಪ್ರಯೋಗಾಲಯದಲ್ಲಿ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಬರಿಗಣ್ಣಿನಲ್ಲೇ ಆ ಉರಿ ನೋಡುತ್ತಿದ್ದರು. ಕೇಳಿದರೆ, “ಕರೇ ಕಾಜಿನಾಗ ಖರೇ ಬಣ್ಣಾ ಕಾಣಂಗಿಲ್ಲ” ಎನ್ನುತ್ತಿದ್ದರು.

ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸುವ ಹಿತ್ತಾಳೆಯ ಕೊಳವೆಯೊಂದು ಸದಾ ಅವರ ಜೇಬಿನಲ್ಲಿ. ಒಮ್ಮೆ ಉಡುಪಿಯವರ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಸೀದಾ ಅಡುಗೆಮನೆಗೆ ನುಗ್ಗಿ ಒಲೆಗೆ ಒಂದು ಹಿಡಿ ಉಪ್ಪು ಎಸೆದು, ಹಳದಿ ಉರಿಗೆ ಕೊಳವೆ ಹಿಡಿದು ನಿಂತುಬಿಟ್ಟರು!

ಮಾಲೀಕರು ಓಡಿ ಬಂದರು. “ಎಂತ ಮಾರಾಯ್ರೆ! ಸಾಂಬಾರಿಗೆ ಉಪ್ಪು ಕಮ್ಮಿಯಾದರೆ ನಮಗೆ ಹೇಳಿ. ಒಲೆಗೆ ಯಾಕೆ ಹಾಕುವುದು?”

ಮಳೆಗಾಲದಲ್ಲಂತೂ ದಾದರ್ ಸ್ಟೇಷನ್ನೇ ಅವರ ಪ್ರಯೋಗಾಲಯ. ಲೋಕಲ್ ರೈಲಿನ ನೆತ್ತಿಯ ಮೇಲೆ ಒದ್ದೆ ತಂತಿ ಚಟಪಟ ಎಂದು ಹಸಿರು ಕಿಡಿ ಕಾರಿದರೆ ಪ್ಲಾಟ್‌ಫಾರ್ಮಿನಲ್ಲೇ ಕುಣಿಯುತ್ತಿದ್ದರು. “ನೋಡಲೇ, ತಾಮ್ರ! ತಾಮ್ರ!”

“ಕಾಕಾ, ನಾವು ಹತ್ತಬೇಕಾದ ಗಾಡಿ ಹೋತು!”

“ಹೋಗಲಿ ಬಿಡೋ. ಕಿಡಿ ಸಿಕ್ತಲ್ಲ!”

ಒಂದು ಬೇಸಿಗೆಯಲ್ಲಿ ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು, “ಇವತ್ತ ಮಂಜು ಭಾಳ ಅದ” ಎಂದರು. ಮೇ ತಿಂಗಳು, ನೆತ್ತಿ ಸುಡುವ ಬಿಸಿಲು! ನನಗೆ ನಗು ಬರಲಿಲ್ಲ.

ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾಡಿದ ಡಾಕ್ಟರು ದೃಷ್ಟಿ ಬರುವುದೆಂದು ಮಾತು ಕೊಡಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಕಾಕಾನಿಗೆ ಕಾಕು ತುತ್ತು ಮಾಡಿ ಉಣಿಸಿದರು, ತುತ್ತಿಗೊಮ್ಮೆ ಬೈದರು. ಬೈಗುಳ ನಿಂತರೆ ಅಳು ಬರುತ್ತದೆಂದು ನನಗೆ ಗೊತ್ತಿತ್ತು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ದಪ್ಪ ಕನ್ನಡಕ ಏರಿಸಿ, “ಕ್ಯಾ ದಿಖತಾ ಹೈ?”, ಏನು ಕಾಣುತ್ತದೆ, ಎಂದರು. ಕಾಕಾ ಮಂಚದ ಪಕ್ಕದಲ್ಲಿ ನಿಂತಿದ್ದ ಕಾಕುವಿನ ಕಡೆ ತಿರುಗಿ, ನೋಡಿಯೇ ನೋಡಿದರು.

“ಅಲ್ಲಾ, ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು?”

ಮಾತಿಗೆ ಮಾತು ಕೊಡುವ ಕಾಕು ಅಂದು ನಾಚಿ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೋದರು. ಕಾಕಾ ಆ ಕೈ ಹಿಡಿದುಕೊಂಡರು.

“ಇರಲಿ ಬಿಡ. ನೋಡತೇನಿ.”