ನವಾಬನಿಗೆ ರೋಸ್

"ಒಂದು ಬೆಕ್ಕನ್ನು ಒಂದೇ ಒಂದು ದಿನ ನೋಡಿಕೊಳ್ಳಲಿಕ್ಕೆ ಇಷ್ಟುದ್ದದ ಚೀಟಿಯಾ? ಐವತ್ತೆರಡು ಮಕ್ಕಳ ಆರನೇ ತರಗತಿಯನ್ನು ಪಿಸುಮಾತಿಲ್ಲದೆ ಕೂರಿಸಿದವ ನಾನು. ನೀವಿಬ್ಬರೂ ನಿಶ್ಚಿಂತೆಯಿಂದ ಹೋಗಿ ಬನ್ನಿ."

ಕಾಪುವಿನ ಬೆಂಜಮಿನ್ ಮಾಸ್ಟ್ರು ಹೀಗೆ ಎದೆ ಸೆಟೆಸಿ ಹೇಳಿದ್ದು ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ. ಹೆಂಡತಿ ಗ್ಲೋರಿಯಾಬಾಯಿ ಮತ್ತು ಆಕೆಯ ತಂಗಿ ಲೊರ್ನಾ ಕಾರ್ಕಳಕ್ಕೆ ಹೊರಟಿದ್ದರು. ಅಲ್ಲಿ ಅವರ ಸೋದರ ಸೊಸೆಯ ಮದುವೆ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನೆಣ್ಣೆ, ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಇದ್ದುದರಿಂದ ಹೆಂಗಸರು ಮೊದಲೇ ಹೋಗಬೇಕಿತ್ತು. ಮಾಸ್ಟ್ರು ಮರುದಿನ ನೇರವಾಗಿ ಮದುವೆ ನಡೆಯುವ ಇಗರ್ಜಿಗೆ ಬರುವುದೆಂದು ಒಪ್ಪಂದ.

ಬೆಕ್ಕು ಲೊರ್ನಾಳದ್ದು. ಮಣಿಪಾಲದ ಫ್ಲ್ಯಾಟಿನಲ್ಲಿ ಏಸಿಯ ತಂಪಿನಲ್ಲಿ ಬೆಳೆದ ಪರ್ಶಿಯನ್ ಬೆಕ್ಕು, ಹೆಸರು ನವಾಬ. ಮೂಗಿನಿಂದ ಬಾಲದ ತುದಿಯವರೆಗೆ ಒಂದು ಬಿಳಿ ಎಳೆಯೂ ಇಲ್ಲದ ಅಪ್ಪಟ ಕಪ್ಪು. ಬೆರಳುದ್ದದ ಕೂದಲು. ಆ ಕತ್ತಲ ಮುದ್ದೆಯೊಳಗೆ ತಾಮ್ರದ ಕಾಸಿನಂಥ ಎರಡು ಕಣ್ಣು. ಬರುವ ಭಾನುವಾರ ಮಣಿಪಾಲದಲ್ಲಿ ಬೆಕ್ಕುಗಳ ಪ್ರದರ್ಶನ. ಎರಡು ವರ್ಷಗಳಿಂದ ಎರಡನೆಯ ಬಹುಮಾನಕ್ಕೆ ತೃಪ್ತಿಪಟ್ಟಿದ್ದ ಲೊರ್ನಾ ಈ ಸಲ ಮೊದಲನೆಯದನ್ನು ತಂದೇ ತೀರುವೆನೆಂದು ಹಟ ತೊಟ್ಟಿದ್ದಳು. ಅದಕ್ಕೇ ಆ ಚೀಟಿ. ಬಿಸಿಲಿಗೆ ಬಿಡಬಾರದು, ಕಪ್ಪು ಕೆಂಚಾಗುತ್ತದೆ. ಎರಡು ಹೊತ್ತು ಬಾಚಬೇಕು. ಕೊನೆಯ ಸಾಲಿಗೆ ಕೆಂಪು ಶಾಯಿಯ ಎರಡು ಗೆರೆ: "ಭಾವ, ಬೇರೆ ಎಂತದ್ದೂ ಮಾಡಬೇಡಿ."

ಮಾಸ್ಟ್ರ ತಲೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅರುವತ್ತೊಂಬತ್ತರ ಪ್ರಾಯದಲ್ಲೂ ಅವರ ತಲೆ ತುಂಬ ಕಾಡಿಗೆಯಂಥ ಕೂದಲು. ಗುಟ್ಟೇನೆಂದು ಊರಿನವರು ಕೇಳಿದರೆ, ಗಾಣದ ತೆಂಗಿನೆಣ್ಣೆಯೊಂದೇ ಎಂದು ಅವರು ಅರ್ಧ ಗಂಟೆ ಉಪನ್ಯಾಸ ಕೊಡುವರು. ತಿಂಗಳಿಗೊಂದು ಶನಿವಾರ ಅವರು ಬಚ್ಚಲಿನ ಅಗಳಿ ಹಾಕಿಕೊಂಡು ಒಂದು ಗಂಟೆ ಹೊರಗೆ ಬಾರದಿರುವುದು ಏಕೆಂಬುದು ಗ್ಲೋರಿಯಾಬಾಯಿಗೆ ಮಾತ್ರ ಗೊತ್ತು. ನಲವತ್ತು ವರ್ಷಗಳ ದಾಂಪತ್ಯದ ಮರ್ಯಾದೆಗಾಗಿ ಆಕೆ ಬಾಯಿ ಬಿಟ್ಟಿರಲಿಲ್ಲ. ಪದೇ ಪದೇ ಹೇಳಿ ಹೇಳಿ, ತಮ್ಮ ತಲೆಯನ್ನು ಕಾಯುತ್ತಿರುವುದು ಎಣ್ಣೆಯೇ ಎಂದು ಮಾಸ್ಟ್ರು ತಾವೇ ನಂಬಿಬಿಟ್ಟಿದ್ದರು.

ಹತ್ತು ಗಂಟೆಗೆ ಬಾಚಲು ಕುಳಿತ ಮಾಸ್ಟ್ರಿಗೆ ನವಾಬನ ಕೂದಲು ಒಣಗಿದಂತೆ ಕಂಡಿತು. ಕಾರ್ಕಳದಲ್ಲಿ ಮದುಮಗಳಿಗೆ ಹಚ್ಚುವ ಎಣ್ಣೆ ಕಾಪುವಿನಲ್ಲಿ ಬೆಕ್ಕಿಗೆ ಹಚ್ಚಿದರೆ ತಪ್ಪೇನು? ಮೊದಲ ಬಹುಮಾನ ಎಲ್ಲಿ ತಪ್ಪುತ್ತಿದೆಯೆಂಬುದು ಅವರಿಗೆ ಥಟ್ಟನೆ ಹೊಳೆಯಿತು. ಕಪಾಟಿನ ಬಾಟಲಿ ಕೆಳಗಿಳಿಯಿತು. ನವಾಬನೂ ಕಣ್ಣು ಮುಚ್ಚಿ, ಅಂಗೈಗೆ ಮೈಯೊಡ್ಡಿ, ಎಣ್ಣೆಯನ್ನು ನೆಕ್ಕುತ್ತ ಸಹಕರಿಸಿದ. ಒಂದು ಗಂಟೆಯಲ್ಲಿ ಬೆಕ್ಕು ಹೊಸ ಪಿಯಾನೊದಂತೆ ಹೊಳೆಯತೊಡಗಿತು.

ಊಟ ಮಾಡಿ ಬಂದು ನೋಡಿದರೆ ಪಿಯಾನೊ ಇರಲಿಲ್ಲ. ಕೂದಲೆಲ್ಲ ದಾರ ದಾರವಾಗಿ ಮೈಗಂಟಿ, ಬೆಕ್ಕು ಅರ್ಧಕ್ಕರ್ಧ ಇಳಿದುಹೋಗಿತ್ತು. ಅದು ನಡೆದ ದಾರಿಯಲ್ಲೆಲ್ಲ ಎಣ್ಣೆಯ ಹೆಜ್ಜೆ. ಆ ಹೆಜ್ಜೆಗಳು ಮಲಗುವ ಕೋಣೆಗೆ ಹೋಗಿ, ಮದುವೆಗೆಂದು ಇಸ್ತ್ರಿ ಹಾಕಿಟ್ಟಿದ್ದ ಬೂದು ಬಣ್ಣದ ಸೂಟಿನ ಮೇಲೆ ಕೊನೆಗೊಂಡಿದ್ದವು.

ಎಣ್ಣೆ ತೆಗೆಯಲು ದಾಸವಾಳದ ಎಲೆಯನ್ನು ಕಿವುಚಿ ಲೋಳೆ ಮಾಡಿ ಹಚ್ಚಿದರು. ಎಣ್ಣೆ ಹೋಗಲಿಲ್ಲ, ಲೋಳೆಯೂ ಹೋಗಲಿಲ್ಲ. ಗ್ಲೋರಿಯಾಬಾಯಿ ಕೈಗೆ ಎಣ್ಣೆಯಾದಾಗ ಕಡಲೆಹಿಟ್ಟಿನಲ್ಲಿ ತಿಕ್ಕುವುದು ನೆನಪಾಯಿತು. ಒಂದು ಕಿಲೋ ಕಡಲೆಹಿಟ್ಟು ಬಿತ್ತು. ಅಲ್ಲಿಗೆ ನವಾಬ ಪೂರ್ತಿ ಬಜ್ಜಿಹಿಟ್ಟಿನ ಹದಕ್ಕೆ ಬಂದ. ಇಷ್ಟು ಹೊತ್ತು ಸಹಿಸಿದ್ದ ಆ ರಾಜವಂಶಸ್ಥ ಈಗ ಒಂದೇ ನೆಗೆತಕ್ಕೆ ಬಚ್ಚಲ ಒಲೆಯ ಸಂದಿಗೆ ನುಗ್ಗಿ, ಬೂದಿಯಲ್ಲಿ ಹೊರಳಿ, ತೆಂಗಿನ ಸಿಪ್ಪೆಯ ರಾಶಿಯ ಹಿಂದೆ ಅಡಗಿಕೊಂಡ. ಕರೆದರೆ ಬರಲಿಲ್ಲ. ಹಸಿವಾದ ಮೇಲೆ ತಾನಾಗಿ ಹೊರಬಂದಾಗ ಹಿಟ್ಟು ಒಣಗಿತ್ತು. ಮುಟ್ಟಿದರೆ ಹಪ್ಪಳದಂತೆ ಟಕ್ ಎನ್ನುತ್ತಿತ್ತು.

ಬುಧವಾರ ಬೆಳಿಗ್ಗೆ ಎಲ್ಲರೂ ಕಾರ್ಕಳದ ಇಗರ್ಜಿಯಲ್ಲಿದ್ದರೆ ಮಾಸ್ಟ್ರು ಉಡುಪಿಯ ಪಶುವೈದ್ಯರ ಬಾಗಿಲಲ್ಲಿದ್ದರು. ಹೆಂಡತಿಯ ಫೋನಿಗೆ ಸ್ವಲ್ಪ ಕೆಲಸ ಬಿತ್ತೆಂದಷ್ಟೇ ಉತ್ತರ ಕೊಟ್ಟಿದ್ದರು. ಡಾಕ್ಟರ್ ಪ್ರಣೀತಾ ಬೆಕ್ಕನ್ನು ತಿರುಗಿಸಿ ನೋಡಿದರು, ಮೂಸಿ ನೋಡಿದರು, ಕೊನೆಗೆ ಮಾಸ್ಟ್ರ ಮುಖ ನೋಡಿದರು.

"ಸರ್, ಇದಕ್ಕೆ ಒಗ್ಗರಣೆ ಒಂದು ಬಾಕಿ ಉಂಟು."

ಚರ್ಮಕ್ಕೆ ಏನೂ ಆಗಿಲ್ಲ, ಆದರೆ ಕೂದಲು ಬೋಳಿಸದೆ ಬೇರೆ ದಾರಿಯಿಲ್ಲ ಎಂದರು. ಯಂತ್ರ ಗುಂಯ್‌ಗುಟ್ಟಿತು. ಕಪ್ಪು ಕಂಬಳಿಯಂಥ ಕೂದಲೆಲ್ಲ ಮೇಜಿನ ಒಂದು ಕಡೆ ಬಿತ್ತು. ಇನ್ನೊಂದು ಕಡೆ ಕಾಲು ಮಡಚಿ ಕುಳಿತದ್ದು ದೊಡ್ಡ ತಲೆಯ, ಗೊಂಡೆ ಬಾಲದ, ನಡುವೆ ಬೂದು ಚರ್ಮ ಮಾತ್ರ ಇದ್ದ ಯಾವುದೋ ಒಂದು ಪ್ರಾಣಿ. ಮಾಸ್ಟ್ರು ಬಗ್ಗಿ ಎರಡೂ ಕಡೆ ನೋಡಿದರು.

"ಅಷ್ಟು ದೊಡ್ಡ ಬೆಕ್ಕಿನ ಒಳಗೆ ಇದ್ದದ್ದು ಇಷ್ಟೇ ಬೆಕ್ಕಾ ಡಾಕ್ಟ್ರೆ?"

ಕೂದಲು ಮೊದಲಿನಂತಾಗಲು ಆರು ತಿಂಗಳು ಬೇಕೆಂದು ಡಾಕ್ಟರು ಹೇಳಿದರು. ಭಾನುವಾರಕ್ಕೆ ನಾಲ್ಕೇ ದಿನ.

ಸಂಜೆ ಅಕ್ಕತಂಗಿಯರು ಬಂದಾಗ ನವಾಬ ಸೋಫಾದ ಮೇಲೆ ಕುಳಿತಿದ್ದ. ಲೊರ್ನಾ ಅದನ್ನು ನೋಡಿ, ಭಾವನವರು ಯಾರ ಮನೆಯ ಬೆಕ್ಕು ತಂದಿದ್ದಾರೆ, ನವಾಬ ಎಲ್ಲಿ ಎಂದು ವಿಚಾರಿಸಿದಳು. ಆ ಬೆಕ್ಕು ಅವಳ ಸ್ವರ ಕೇಳಿ ಓಡಿ ಬಂದು ಸೀರೆಗೆ ಮುಖ ಉಜ್ಜಿತು. ತಾಮ್ರದ ಆ ಎರಡು ಕಣ್ಣುಗಳನ್ನು ನೋಡಿದವಳೇ ಲೊರ್ನಾ ನೆಲದ ಮೇಲೆ ಕುಳಿತುಬಿಟ್ಟಳು. ಮಾಸ್ಟ್ರು ಎಣ್ಣೆಯಿಂದ ಹಿಡಿದು ಯಂತ್ರದವರೆಗೆ ಎಲ್ಲವನ್ನೂ ಒಪ್ಪಿಕೊಂಡರು. ಆಮೇಲೆ ಅಳುತ್ತ ಒಂದೇ ಮಾತು ಕೇಳಿದಳು.

"ಭಾವ, ನೀವು ಹಚ್ಚುವುದೂ ಅದೇ ಎಣ್ಣೆ ಅಲ್ವಾ? ನಿಮ್ಮ ಕೂದಲಿಗೆ ಎಂತದ್ದೂ ಆಗಲಿಲ್ಲವಲ್ಲ?"

ಮಾಸ್ಟ್ರ ಕೈ ತಾನಾಗಿ ತಲೆಗೆ ಹೋಯಿತು. ಉತ್ತರ ಇದ್ದದ್ದು ಗ್ಲೋರಿಯಾಬಾಯಿಯಲ್ಲಿ. ಆಕೆ ತಂಗಿಯ ಕಣ್ಣೀರನ್ನೂ, ಗಂಡನ ಸೂಟನ್ನೂ, ಖಾಲಿ ಕಡಲೆಹಿಟ್ಟಿನ ಡಬ್ಬಿಯನ್ನೂ ಒಮ್ಮೆ ನೋಡಿ, ಸೀದಾ ಬಚ್ಚಲಿಗೆ ಹೋದರು. ಹಂಡೆಯ ಹಿಂದಿನ ಗೂಡಿನಿಂದ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಮೂರು ಪೊಟ್ಟಣಗಳನ್ನೂ ಒಂದು ಹಳೆಯ ಬ್ರಶ್ಶನ್ನೂ ತಂದು ತಂಗಿಯ ಮಡಿಲಿಗೆ ಹಾಕಿದರು.

"ಇದು ನಿನ್ನ ಭಾವನ ತೆಂಗಿನೆಣ್ಣೆ. ತೆಗೆದುಕೊಂಡು ಹೋಗು. ನವಾಬನ ಕೂದಲು ಬಂದ ದಿನ ವಾಪಸು ತಾ. ಅಲ್ಲಿಯವರೆಗೆ ಬೇರೆ ಪೊಟ್ಟಣ ಈ ಮನೆಗೆ ಬರುವುದಿಲ್ಲ."

ಲೊರ್ನಾ ಕಣ್ಣೊರಸಿಕೊಂಡು ಪೊಟ್ಟಣಗಳನ್ನು ಬ್ಯಾಗಿಗೆ ತುಂಬಿಸಿದಳು. ದಿನಕ್ಕೆರಡು ಸಲ ಬಾಚುವ ಶಿಕ್ಷೆಯೊಡನೆ ಬೆಕ್ಕನ್ನು ಭಾವನ ಮನೆಯಲ್ಲೇ ಬಿಟ್ಟು ಹೋದಳು.

ಮೂರು ತಿಂಗಳು ಕಳೆದವು. ನವಾಬನ ಮೈಯಲ್ಲಿ ಒಂದಿಂಚು ಕಪ್ಪು ಬಂದಿತ್ತು. ಮಾಸ್ಟ್ರ ತಲೆಯಲ್ಲಿ ಒಂದಿಂಚೂ ಕಪ್ಪು ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಮಾಸ್ಟ್ರು ಜಗಲಿಯಲ್ಲಿ ಬೆಕ್ಕನ್ನು ಬಾಚುತ್ತಿದ್ದಾಗ ಅವರ ಹಳೆಯ ವಿದ್ಯಾರ್ಥಿ ಜೋಯ್‌ಸ್ಟನ್ ಗೇಟು ತೆರೆದು ಬಂದ. ಕುವೈತಿನಿಂದ ರಜೆಗೆ ಬಂದವನು, ಕೈಯಲ್ಲಿ ಮಿಠಾಯಿಯ ಡಬ್ಬ. ಬಿಳಿಯ ತಲೆಯನ್ನು ಕಂಡು ಕೈಮುಗಿದು, ತಾವು ಮಾಸ್ಟ್ರ ಅಣ್ಣನವರಾಗಿರಬೇಕು, ಮಾಸ್ಟ್ರು ಒಳಗಿದ್ದಾರೆಯೇ ಎಂದು ಬಹಳ ವಿನಯದಿಂದ ಕೇಳಿದ.

ಮಾಸ್ಟ್ರು ಬಾಚಣಿಗೆಯನ್ನು ಕೆಳಗಿಟ್ಟು, ನವಾಬನ ಬೆನ್ನನ್ನೊಮ್ಮೆ ಬೆರಳಿನಿಂದ ಅಳೆದು ನೋಡಿದರು.

"ನನ್ನ ತಮ್ಮ ಮನೆಯಲ್ಲಿ ಇಲ್ಲ ಮಾರಾಯ. ಬರಲಿಕ್ಕೆ ಇನ್ನೂ ಮೂರು ತಿಂಗಳು ಉಂಟು."