ಹಿಂದಿನ ಚಕ್ರದ ಗುಂಯ್ ಸದ್ದು

ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ವ್ಯಾನಿನಿಂದ ಇಳಿಯುವಾಗ ನರಸಿಂಹಯ್ಯ ಆ ಒಂದು ಮಾತು ಆಡದೆ ಇದ್ದಿದ್ದರೆ, ಸೊಣ್ಣಪ್ಪನ ದಿನ ಸುಖವಾಗಿ ಕಳೆಯುತ್ತಿತ್ತು.

"ಸೊಣ್ಣಪ್ಪ, ಹಿಂದ್ಗಡೆ ಎಡಗಡೆ ಚಕ್ರ ಗುಂಯ್ ಅಂತೈತಲ್ಲೋ."

ಸೊಣ್ಣಪ್ಪನಿಗೆ ಏನೂ ಕೇಳಿಸಿರಲಿಲ್ಲ. ಆದರೆ ನರಸಿಂಹಯ್ಯ ಪೀಣ್ಯದ ಬೇರಿಂಗ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅವರಿಬ್ಬರೂ ಇದ್ದ ಹೂಡಿ ಬಡಾವಣೆಯ ಬೀದಿಯಲ್ಲಿ ಮಿಕ್ಸಿ, ಫ್ಯಾನು, ಬೋರ್‌ವೆಲ್ ಮೋಟಾರು, ತಿರುಗುವ ಯಾವುದಕ್ಕೆ ಕಾಯಿಲೆ ಬಂದರೂ ಮೊದಲು ಅವರನ್ನು ಕರೆದು ಕೇಳಿಸುವುದು ರೂಢಿ. ಅಂಥವರ ಮುಂದೆ ನನಗೆ ಕೇಳಿಸಲಿಲ್ಲ ಎನ್ನುವುದು ಹೇಗೆ?

"ಹೂಂ ಅಣ್ಣ, ನಂಗೂ ಅನುಮಾನ ಇತ್ತು" ಎಂದುಬಿಟ್ಟ.

ಸಂಜೆ ನಾಲ್ಕಕ್ಕೆ ಲಾವಣ್ಯ ಮೇಡಂ ಬರುವವರಿದ್ದರು. ನರ್ಸರಿ ಶಾಲೆ ನಡೆಸುವ ಅವರಿಗೆ ಮಕ್ಕಳನ್ನು ಕರೆತರಲು ಒಂದು ವ್ಯಾನು ಬೇಕಿತ್ತು. ಒಂದು ಸುತ್ತು ಕೂತು ನೋಡಿ ಹೇಳುತ್ತೇನೆ ಎಂದಿದ್ದರು. ಆ ಕೆಲಸ ನಂಬಿಕೊಂಡೇ ಸೊಣ್ಣಪ್ಪ ಮೊನ್ನೆ ಈ ಹಳೆಯ ವ್ಯಾನನ್ನು ಮನೆಗೆ ತಂದಿದ್ದ.

ಸುದ್ದಿ ಅವನಿಗಿಂತ ಮುಂಚೆ ಬೀದಿ ಸೇರಿತ್ತು. ಎದುರುಮನೆಯ ಮುನಿಯಕ್ಕ ಪೊರಕೆ ಹಿಡಿದೇ ಬಂದಳು.

"ಆ ಸದ್ದಾ? ನಾನು ಎಂಟು ದಿನದಿಂದ ಕೇಳ್ತಾ ಇವ್ನಿ."

"ವ್ಯಾನು ಬಂದಿದ್ದೇ ಮೊನ್ನೆ ಅಕ್ಕ."

"ಅಂಗಾದ್ರೆ ಬರೋಕ್ ಮುಂಚೇನೇ ಸುರುವಾಗಿರ್ಬೇಕು."

ಮಹಡಿಯ ಮೇಲೆ ಬಾಡಿಗೆಗಿದ್ದ ದೀಪು ಲ್ಯಾಪ್‌ಟಾಪ್ ಮುಚ್ಚಿಟ್ಟು ಇಳಿದುಬಂದ. ಅವನದು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. "ಸುಮ್ನೆ ಗೆಸ್ ಮಾಡ್ಬೇಡಿ ಅಂಕಲ್. ಒಂದೊಂದೇ ಟೆಸ್ಟ್ ಮಾಡಿ ಎಲಿಮಿನೇಟ್ ಮಾಡೋಣ. ನಂಗೂ ಮೇಲಿಂದಾನೇ ಕೇಳಿಸ್ತಿತ್ತು."

ನಾಲ್ವರೂ ಹೊರಟರು. ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ಹಾಕಿ ನೋಡಿದರು, ಎಂಜಿನ್ನಿನ ಸದ್ದೋ ಚಕ್ರದ್ದೋ ತಿಳಿಯಲಿ ಎಂದು. ರಸ್ತೆ ಬದಲಾದರೆ ಟೈರಿನ ಸದ್ದು ಬದಲಾಗಬೇಕು ಎಂದು ಡಾಂಬರಿನ ಮೇಲೊಮ್ಮೆ, ಕಾಂಕ್ರೀಟಿನ ಮೇಲೊಮ್ಮೆ ಓಡಿಸಿದರು. ಬಲಕ್ಕೆ ತಿರುಗಿಸಿದರೆ ಭಾರ ಎಡಚಕ್ರದ ಮೇಲೆ ಬಿದ್ದು, ಬೇರಿಂಗ್ ಹೋಗಿದ್ದರೆ ಸದ್ದು ಹೆಚ್ಚಬೇಕು ಎಂದು ದೀಪು ಹೇಳಿದ್ದಕ್ಕೆ ಖಾಲಿ ಸೈಟಿನಲ್ಲಿ ಗಿರಗಿರನೆ ಸುತ್ತಿದರು. ಹಿಂದಿನ ಸೀಟಿನಲ್ಲಿ ಮುನಿಯಕ್ಕ ಚೀಲದೊಳಗಿನ ಕುಂಬಳಕಾಯಿಯಂತೆ ಆ ಕಡೆಯಿಂದ ಈ ಕಡೆಗೆ ಉರುಳಿದಳು. ಪ್ರತಿ ಸಲವೂ ಎಲ್ಲರೂ ಆಪರೇಷನ್ ಕೋಣೆಯ ಹೊರಗೆ ನಿಂತ ನೆಂಟರ ಹಾಗೆ ನರಸಿಂಹಯ್ಯನವರ ಮುಖ ನೋಡುತ್ತಿದ್ದರು.

"ಅಂಗೇ ಐತೆ" ಎನ್ನುತ್ತಿದ್ದರು ಅವರು.

ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹೋಯಿತು. ಅಂಗೇ ಇತ್ತು. ಗ್ಯಾರೇಜಿನಲ್ಲಿ ಎಡ ಬೇರಿಂಗ್ ಹೊಸದಾಯಿತು. ಅಂಗೇ ಇತ್ತು. "ಒಂದೊಂದ್ಸಲ ಬಲಗಡೆ ಸದ್ದು ಎಡಗಡೆ ಕೇಳಿಸ್ತದೆ" ಎಂದು ನರಸಿಂಹಯ್ಯ ಹೇಳಿದ ಮೇಲೆ ಬಲಗಡೆಯದೂ ಹೊಸದಾಯಿತು. ಸೊಣ್ಣಪ್ಪನಿಗೆ ಈಗ ವ್ಯಾನಿಗಿಂತ ತನ್ನ ಕಿವಿಯ ಮೇಲೇ ಹೆಚ್ಚು ಅನುಮಾನ. ಸ್ನಾನದ ಮನೆಗೆ ಹೋಗಿ ಕಿವಿ ತೊಳೆದುಕೊಂಡು ಬಂದ.

ಮೂರೂವರೆಗೆ ಮನೆ ಮುಂದೆ ವ್ಯಾನು ನಿಲ್ಲಿಸಿ ಎಲ್ಲರೂ ಟೀ ಕುಡಿಯುತ್ತಿದ್ದರು. ನರಸಿಂಹಯ್ಯ ಒಂದು ಕೋಲಿನ ತುದಿಯನ್ನು ಚಕ್ರಕ್ಕೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದರು.

"ಈಗ್ಲೂ ಐತೆ."

ದೀಪು ಲೋಟ ಕೆಳಗಿಟ್ಟ. "ತಾತ, ಗಾಡಿ ಆಫ್ ಆಗಿದೆ."

"ಕೀ ನನ್ ಜೇಬಲ್ಲೇ ಇದೆ" ಎಂದ ಸೊಣ್ಣಪ್ಪ.

ನರಸಿಂಹಯ್ಯ ಕಣ್ಣು ಬಿಟ್ಟರು. ಕೋಲನ್ನು ಕಾಂಪೌಂಡ್ ಗೋಡೆಗೆ ಒತ್ತಿ ಕೇಳಿದರು. ನುಗ್ಗೆ ಮರಕ್ಕೆ ಒತ್ತಿ ಕೇಳಿದರು. ಕೊನೆಗೆ ಕೋಲು ಬಿಟ್ಟು ಬರಿಗಿವಿಯಲ್ಲಿ ಆಕಾಶಕ್ಕೆ ತಲೆಯೆತ್ತಿ ಕೇಳಿದರು.

"ಎಲ್ಲಾ ಕಡೆ ಐತಲ್ಲೋ" ಎಂದರು ಮೆಲ್ಲಗೆ. "ಮೂವತ್ತೊಂದು ವರ್ಷ ಮಿಷನ್ ಪಕ್ಕದಾಗೆ ನಿಂತಿದ್ದೆ. ಕಿವೀಲೇ ಉಳ್ಕಂಡೈತೇನೋ."

ಸೊಣ್ಣಪ್ಪ ಮುನಿಯಕ್ಕನ ಕಡೆ ತಿರುಗಿದ.

"ಮತ್ತೆ ನಿಂಗೆ ಕೇಳಿಸ್ತು ಅಂದ್ಯಲ್ಲ ಅಕ್ಕ?" ಎಂದ ಸೊಣ್ಣಪ್ಪ.

"ನೀನು ಕೇಳಿಸ್ತು ಅಂದಿದ್ದಕ್ಕೆ ನಾನೂ ಅಂದೆ" ಎಂದಳು ಮುನಿಯಕ್ಕ. ದೀಪು ಫೋನ್ ನೋಡತೊಡಗಿದ. ಬೆಳಗಿನಿಂದ ಕುಗ್ಗಿದ್ದ ಸೊಣ್ಣಪ್ಪನಿಗೆ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ವ್ಯಾನಿಗೆ ಏನೂ ಆಗಿಲ್ಲ. ಸಪ್ಪಗೆ ಕೂತಿದ್ದ ನರಸಿಂಹಯ್ಯನವರ ಲೋಟಕ್ಕೆ ತಾನೇ ಇನ್ನಷ್ಟು ಟೀ ಬಗ್ಗಿಸಿದ.

ಲಾವಣ್ಯ ಮೇಡಂ ಸರಿಯಾಗಿ ನಾಲ್ಕಕ್ಕೆ ಬಂದು ಮುಂದಿನ ಸೀಟಿನಲ್ಲಿ ಕೂತರು. ರೈಲ್ವೆ ಸ್ಟೇಷನ್ ದಾಟಿ ಒಂದು ಸುತ್ತು ಹಾಕುವಷ್ಟರಲ್ಲಿ ಅವರ ಮುಖ ಅರಳಿತ್ತು.

"ತುಂಬಾ ಸ್ಮೂತಾಗಿದೆ ಸೊಣ್ಣಪ್ಪ. ಒಂಚೂರೂ ಸೌಂಡಿಲ್ಲ. ಸೋಮವಾರದಿಂದ..."

ಆಗ ಸೊಣ್ಣಪ್ಪನಿಗೆ ಕೇಳಿಸಿತು. ಹಿಂದಿನಿಂದ, ಎಡಗಡೆಯಿಂದ, ತೆಳ್ಳಗೆ ಗುಂಯ್ ಎಂದು. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಹುಡುಕಿ ಹುಡುಕಿ ಕಿವಿಯೊಳಗೆ ಗೂಡು ಕಟ್ಟಿಕೊಟ್ಟಿದ್ದ, ಅದು ಬಂದು ಕೂತಿತ್ತು. ಬಾಯಿ ಮನಸ್ಸಿಗಿಂತ ಮುಂದೆ ಓಡಿತು.

"ಮೇಡಂ, ನಿಮಗೆ ಗುಂಯ್ ಅಂತ ಏನೂ ಕೇಳಿಸ್ತಿಲ್ವಾ?"

ಮೇಡಂ ಮಾತು ನಿಲ್ಲಿಸಿದರು. ಕತ್ತು ಓರೆ ಮಾಡಿದರು. ಗಾಡಿ ಓಡಿಸುವವನೇ ಕೇಳುತ್ತಿದ್ದಾನೆ ಎಂದ ಮೇಲೆ ಇರಲೇಬೇಕಲ್ಲ.

"ಹೌದಲ್ವಾ" ಎಂದರು ನಿಧಾನವಾಗಿ. "ಈಗ ಚೆನ್ನಾಗೇ ಕೇಳಿಸ್ತಿದೆ. ಪುಟ್ಟ ಮಕ್ಕಳು ನೋಡಿ, ರಿಸ್ಕ್ ಬೇಡ. ಮೊದ್ಲು ಅದನ್ನ ಸರಿ ಮಾಡ್ಸಿ, ಆಮೇಲೆ ಫೋನ್ ಮಾಡಿ."

ಅವರನ್ನು ಶಾಲೆಯ ಹತ್ತಿರ ಇಳಿಸಿ ಸೊಣ್ಣಪ್ಪ ಬೀದಿಗೆ ಮರಳಿದಾಗ ಮೂವರೂ ಗೇಟಿನ ಹತ್ತಿರವೇ ಕಾಯುತ್ತಿದ್ದರು.

"ಕೆಲಸ ಸಿಕ್ತಾ?" ಎಂದಳು ಮುನಿಯಕ್ಕ.

"ಇಲ್ಲ ಅಕ್ಕ. ಮೇಡಂಗೆ ಸದ್ದು ಕೇಳಿಸ್ತಂತೆ."

ನರಸಿಂಹಯ್ಯ ಥಟ್ಟನೆ ಎದ್ದು ನಿಂತರು. ಬಾಡಿದ್ದ ಮುಖಕ್ಕೆ ನೀರು ಹನಿಸಿದಂತಾಯಿತು. ಕೋಲು ಕೈಗೆತ್ತಿಕೊಂಡು ಪ್ರೀತಿಯಿಂದ ಕೇಳಿದರು:

"ಯಾವ ಚಕ್ರ ಅಂದ್ರು?"