ಮಾಗಿ ಚಳಿಯ ಬೆವರುಸಾಲೆ

ಹೆಂಡತಿಯನ್ನು ಬಾಣಂತನಕ್ಕೆ ಕಳಿಸಿದ ಗಂಡನ ಪಾಡು ಶತ್ರುವಿಗೂ ಬೇಡ. ಹಗಲೆಲ್ಲ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಮಿಷನ್ನಿನ ಜೊತೆ, ಸಂಜೆಯಾದರೆ ತುಮಕೂರಿನ ಬಾಡಿಗೆ ಮನೆಯಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದ ಗಂಗರಾಜುವಿಗೆ ಈಗ ಹೆಂಡತಿ ವಾಣಿಶ್ರೀಯ ಬೈಗುಳವೂ ಬೇಕೆನಿಸಿತ್ತು. ಎರಡು ತಿಂಗಳ ಮಗಳನ್ನು ನೆನೆದರಂತೂ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ.

ಆದರೆ ಸಿ.ಎಸ್. ಪುರದ ಅತ್ತೆ ಪುಟ್ಟಗಂಗಮ್ಮನವರ ರಾಜಶಾಸನ ಒಂದೇ: ಐದು ತಿಂಗಳು ತುಂಬದೆ ಬಾಣಂತಿ ತವರು ಬಿಡಕೂಡದು. ಅಳಿಯ ಸುಮ್ಮಸುಮ್ಮನೆ ವಾರವಾರ ಬಂದರೆ ಊರು ನಗುತ್ತದೆ. ಅದಕ್ಕೇ ಗಂಗರಾಜು ಪ್ರತಿ ಭಾನುವಾರ ಮಗುವಿಗೆಂದು ಉಣ್ಣೆಯದೇನಾದರೂ ಹಿಡಿದು ಹೋಗುತ್ತಿದ್ದ (ಕೈಯಲ್ಲಿ ಪೊಟ್ಟಣವಿರುವ ಅಳಿಯನನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ).

ಆ ಭಾನುವಾರ ಮಗು ಒಂದೇ ಸಮನೆ ಅಳುತ್ತಿತ್ತು. ಕತ್ತಿನ ಮಡಿಕೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಳ್ಳೆ.

"ದೃಷ್ಟಿ ಆಗೈತೆ," ಅಂದರು ಅತ್ತೆ.

"ಬೆವರುಸಾಲೆ ಇರ್ಬೇಕು ಅತ್ತೆ."

"ಮಾಗಿ ಚಳೀಲಿ ಬೆವರುಸಾಲೆನಾ? ನಿಮ್ ತುಮಕೂರಲ್ಲಿ ಹಂಗೇನೋಪ್ಪ."

ಗಂಗರಾಜುವಿಗೆ ಥಟ್ಟನೆ ಹೊಳೆಯಿತು. ಮುಚ್ಚಿದ ಕಿಟಕಿ, ಮಂಚದಡಿಯ ಅಗ್ಗಿಷ್ಟಿಕೆ, ಇವೇ ಕಾರಣವೆಂದು ಡಾಕ್ಟರು ಹೇಳಿಬಿಟ್ಟರೆ ಸಾಕು, ಹೆಂಡತಿಯನ್ನೂ ಮಗುವನ್ನೂ ಇವತ್ತೇ ಗಾಳಿಯಾಡುವ ತನ್ನ ಮನೆಗೆ ಕರೆದೊಯ್ಯಬಹುದು. ಆಟೊ ತರಿಸಿ ಎಲ್ಲರನ್ನೂ ಗುಬ್ಬಿಯ ಆಸ್ಪತ್ರೆಗೆ ಹೊರಡಿಸಿದ.

ಡಾಕ್ಟರಮ್ಮ ಮಗುವನ್ನು ಬಿಚ್ಚತೊಡಗಿದರು. ಟೋಪಿ, ಅದರೊಳಗೆ ಇನ್ನೊಂದು ಟೋಪಿ, ಸ್ವೆಟರು, ಅದರಡಿ ಸ್ವೆಟರು, ಕಾಲುಚೀಲ, ಮತ್ತೂ ಒಂದು ಸ್ವೆಟರು. ಎಲೆಕೋಸು ಬಿಡಿಸಿದಂತೆ ಬಿಡಿಸಿದ ಮೇಲೆ ಮಗು ಸಿಕ್ಕಿತು.

"ಬೆವರುಸಾಲೆನೇ. ಇಷ್ಟು ಸುತ್ತಿದ್ರೆ ಚಳೀಲೂ ಬೆವರುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಮಡಿಕೆಯೆಲ್ಲ ಒಣಗಿಸಿ, ತೆಳ್ಳಗಿನ ಕಾಟನ್ ಬಟ್ಟೆ ಹಾಕಿ. ಎಣ್ಣೆ, ಪೌಡರು ಮೆತ್ಬೇಡಿ. ಇಷ್ಟೊಂದು ಉಣ್ಣೆ ತಂದೋರ್ಯಾರು?"

"ನಮ್ ಅಳಿಯಂದ್ರು," ಅಂದರು ಪುಟ್ಟಗಂಗಮ್ಮ. "ವಾರಕ್ಕೊಂದು ತರ್ತಾರೆ. ಒಂದು ಹಾಕಿ ಒಂದು ಬುಟ್ರೆ ಬೇಜಾರು ಮಾಡ್ಕಂತಾರೆ ಅಂತ ಎಲ್ಲಾನೂ ಒಟ್ಟಿಗೆ ಹಾಕ್ತಿದ್ದೆ."

ಡಾಕ್ಟರಮ್ಮ ಗಂಗರಾಜುವನ್ನು ನೋಡಿದರು. ಗಂಗರಾಜು ಗೋಡೆಯ ಕ್ಯಾಲೆಂಡರ್ ನೋಡಿದ.

ಹೊರಗೆ ಬರುತ್ತಲೇ ಅತ್ತೆ ಶಾಸನಕ್ಕೆ ತಿದ್ದುಪಡಿ ತಂದರು. "ಚಳೀಲೂ ಮಗೂನ ಬೇಯ್ಸೋರ ಕೈಗೆ ಐದಕ್ಕೇ ಹೆಂಗೆ ಕಳ್ಸಾದು? ಏಳು ತುಂಬ್ಲಿ ಬುಡಿ."

ತುಮಕೂರಿನ ಬಸ್ಸಿಗೆಂದು ಗುಬ್ಬಿಯಲ್ಲೇ ಉಳಿದ ಗಂಗರಾಜುವಿಗೆ ಅಳು ಬರುವುದೊಂದು ಬಾಕಿ. ಆಟೊದೊಳಗಿಂದ ವಾಣಿಶ್ರೀ ಬಗ್ಗಿ ಮೆಲ್ಲಗೆ ಅಂದಳು:

"ಎಂಟು ಭಾನುವಾರ ಬಂದ್ರಿ. ಸ್ವೆಟ್ರು ಸರಿಯಾಯ್ತಾ, ಟೋಪಿ ಸರಿಯಾಯ್ತಾ ಅಂತ ಕೇಳಿದ್ರಿ. ನೀನ್ ಹೆಂಗಿದೀಯ ಅಂತ ಒಂದ್ಸಲನಾದ್ರೂ ಕೇಳಿದ್ರೇನ್ರಿ?"

ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಆಟೊ ಹೊರಡಿಸಿಬಿಟ್ಟರು. ಆ ಮಾಗಿ ಚಳಿಯಲ್ಲಿ ಗಂಗರಾಜುವಿನ ಕತ್ತು, ಬೆನ್ನು ಎಲ್ಲ ಬೆವರಿತು.